ಯುದ್ಧ ನಿಂತ ಮೇಲೆ ಕಟ್ಟಾಳುಗಳಿಗೆ ಏನು ಕೆಲಸ?

ಕಾದಂಬರಿಗೋ ಆಟಕ್ಕೋ ಒಂದು ನಾಡು ಕಟ್ಟುವಾಗ ಯೋಧರ ಕುಲವೊಂದನ್ನು ತಂದು ನಿಲ್ಲಿಸುವುದು ಸುಲಭ. ಯುದ್ಧ ನಿಂತ ಮೇಲೆ ಅವರ ಹೊಟ್ಟೆಗೆ ದಾರಿ ಮಾಡುವುದೇ ಕಷ್ಟ. ನಾನು ಕಟ್ಟಿದ ನಾಡು ಧಾರವಾಡ-ಗದಗ ಸೀಮೆಯ ನೆಲವನ್ನೇ ಹಾಸಿಕೊಂಡಿದೆ: ಮೂಡಲಿಗೆ ಎರಿ (ಕಪ್ಪು ಮಣ್ಣು), ಪಡುವಲಿಗೆ ಮಸಾರಿ (ಕೆಂಪು ಮಣ್ಣು) ಮತ್ತು ಕೆರೆಗಳು. ಕುಲದ ಹೆಸರು ಕಟ್ಟಾಳು. ಲಾಂಛನ, ಕುಲದೇವತೆ, ಕತ್ತಿಯ ಹೆಸರು ಎಲ್ಲವೂ ಆಮೇಲೆ. ಮೊದಲು ಕಾಳಿನ ಲೆಕ್ಕ.

ಒಬ್ಬರಿಗೆ ದಿನಕ್ಕೆ ಅರ್ಧ ಕಿಲೊ ಜೋಳ ಹಿಡಿದರೆ ಐದು ಜನರ ಮನೆಗೆ ವರ್ಷಕ್ಕೆ ಸುಮಾರು 9 ಕ್ವಿಂಟಲ್. ಕುದುರೆಗೆ ದಿನಕ್ಕೆ 3 ಕಿಲೊ ಹುರುಳಿ ಅಂದರೂ ವರ್ಷಕ್ಕೆ 11 ಕ್ವಿಂಟಲ್, ಮೇವು ಬೇರೆ. ಇಡೀ ಮನೆಗಿಂತ ಕುದುರೆಯೇ ಹೆಚ್ಚು ತಿನ್ನುತ್ತದೆ. ಮಳೆ ನಂಬಿದ ಹೊಲದಲ್ಲಿ ಎಕರೆಗೆ 3 ಕ್ವಿಂಟಲ್ ಬಂದು, ಒಕ್ಕಲು ಮಕ್ಕಳಿಂದ ಆರರಲ್ಲೊಂದು ಪಾಲು ಪಡೆದರೆ ಎಕರೆಗೆ ಅರ್ಧ ಕ್ವಿಂಟಲ್ ಸಿಗುತ್ತದೆ. ಹಾಗಾಗಿ ಒಬ್ಬ ಸವಾರನ ಬೆನ್ನಿಗೆ 40 ಎಕರೆಯ ಪಾಲು ಬೇಕು, ಕಾಲಾಳಿಗೆ 18 ಸಾಕು. ನನ್ನ ನಾಡಿನಲ್ಲಿ ಹತ್ತು ಕಟ್ಟಾಳುಗಳಲ್ಲಿ ಒಬ್ಬನಿಗಷ್ಟೇ ಕುದುರೆ. ಮೂವತ್ತು ಸಾವಿರ ಸವಾರರು ಧೂಳೆಬ್ಬಿಸಿ ಬಂದರು ಅಂತ ಬರೆಯುವವರು 12 ಲಕ್ಷ ಎಕರೆ ಎಲ್ಲಿದೆ ಅಂತಲೂ ತೋರಿಸಬೇಕು.

ಈ ಕಾಳನ್ನು ಬೊಕ್ಕಸದಿಂದ ಕೊಡಿಸಿದರೆ ಶಾಂತಿಯ ನಾಲ್ಕೈದು ವರ್ಷಕ್ಕೆ ದಿವಾನ ಕತ್ತರಿ ಆಡಿಸುತ್ತಾನೆ. ಹೊಲವನ್ನೇ ಬಿಟ್ಟುಕೊಡುವುದು ಗಟ್ಟಿ. ನಮ್ಮ ಕಡೆ ಶೇತ್ಸನದಿಗಳಿಗೆ, ಅಂದರೆ ಊರಿನ ಕಾವಲಿನ ಆಳುಗಳಿಗೆ, ಚಾಕರಿಯ ಬದಲಿಗೆ ಹೊಲ ಇದ್ದ ಹಾಗೆ. ಆದರೆ ಎಂಥ ಹೊಲ? ಎರಿಯಲ್ಲಿ ಹಿಂಗಾರಿ ಜೋಳದ ಬಿತ್ತಿಗೆ ಸೆಪ್ಟೆಂಬರ್-ಅಕ್ಟೋಬರ್, ಕೊಯ್ಲು ಜನವರಿ-ಫೆಬ್ರವರಿ. ದಂಡು ಹೊರಡುವುದೂ ಬನ್ನಿ ಹಬ್ಬ ಮುಗಿದ ಮೇಲೆಯೇ, ಯಾಕಂದರೆ ಮಳೆಗಾಲದಲ್ಲಿ ಎರಿ ಮಣ್ಣು ಗಾಲಿಗೆ ಮೆತ್ತಿ ಬಂಡಿ ಅಲುಗುವುದಿಲ್ಲ. ಕೂರಿಗೆ ಹೂಡುವ ಹೊತ್ತಿಗೇ ಅರಮನೆಯ ಕರೆ ಬಂದರೆ ಎರಡರಲ್ಲಿ ಒಂದು ಕೆಡುತ್ತದೆ. ಅದಕ್ಕೇ ಕಟ್ಟಾಳುಗಳಿಗೆ ಮಸಾರಿ. ಜೂನ್‌ನಲ್ಲಿ ನವಣೆ, ಸಾವೆ ಬಿತ್ತಿದರೆ ಮೂರು ಮೂರೂವರೆ ತಿಂಗಳಿಗೆ ರಾಶಿ ಮುಗಿದು ದಸರೆಗೆ ಕೈ ಬಿಡುವಾಗುತ್ತದೆ. ಅಂದಹಾಗೆ ಆ ಹೊಲದಲ್ಲಿ ಶೇಂಗಾ, ಬ್ಯಾಡಗಿ ಮೆಣಸಿನಕಾಯಿ ಬೆಳೆಸಬೇಡಿ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಬಂದವು. ಹಡಗಿನ ವ್ಯಾಪಾರ ಇಲ್ಲದ ನಾಡಿಗೆ ಅವು ಹೇಗೆ ಬಂದವು ಅಂತ ಓದುಗರು ಕೇಳುತ್ತಾರೆ.

ಉಳಿದ ಕೆಲಸಕ್ಕೆ ನಾನು ಹಾಕುವ ಪ್ರಶ್ನೆ ಎರಡು. ಕರೆ ಬಂದ ದಿನವೇ ಬಿಟ್ಟು ಹೊರಡಲಾದೀತೆ? ಊರಿನ ಆಯಗಾರರ (ಕಸುಬಿಗೆ ಕಾಳಿನ ಪಾಲು ಪಡೆಯುವವರ) ಅನ್ನಕ್ಕೆ ಕೈ ಹಾಕಿದಂತಾಗುತ್ತದೆಯೆ? ಕಮ್ಮಾರಿಕೆ ಎರಡೂ ಪ್ರಶ್ನೆಗಳಲ್ಲಿ ನಪಾಸು. ಕೆರೆಯ ಹೂಳೆತ್ತುವುದು ಪಾಸಾಗುತ್ತದೆ, ಆದರೆ ತಲೆ ಮೇಲೆ ಬುಟ್ಟಿ ಹೊರು ಅಂದರೆ ಮರ್ಯಾದೆಯ ಪ್ರಶ್ನೆ ಎದ್ದು ಬರುತ್ತದೆ. ಅದೇ ಜನ ಮಳೆಯಲ್ಲಿ ರಾತ್ರಿಯಿಡೀ ನಿಂತು ಕೆರೆಯ ಏರಿ (ಒಡ್ಡು) ಕಾಯಲು ಒಪ್ಪುತ್ತಾರೆ, ಏಕೆಂದರೆ ಅದು ಕಾವಲು.

ಏರಿ ಕಾವಲಿಗೆ ಕಂದೀಲು, ಬಾರಿಸಲು ಹಲಗೆ, ಉಸುಕಿನ ಗುಡ್ಡೆ, ಹರಳು (ಸಣ್ಣ ಕಲ್ಲುಚೂರು), ದೊಡ್ಡ ಕಲ್ಲು ಮೊದಲೇ ಕೂಡಿಟ್ಟಿರಬೇಕು. ಏರಿಯ ಹಿಂಬದಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಅಲ್ಲೊಬ್ಬನನ್ನು ನಿಲ್ಲಿಸಿದರೆ ಸಾಕು. ನೀರು ಕದಡಿ ಬಂತೋ, ಒಳಗಿನ ಮಣ್ಣು ಕೊಚ್ಚಿ ಹೊರಟಿದೆ ಅಂತ ಅರ್ಥ. ಹಲಗೆ ಬಾರಿಸಿ ಊರು ಎಬ್ಬಿಸಬೇಕು. ಗಾಬರಿಯಲ್ಲಿ ಜಿಗುಟು ಮಣ್ಣು ಮೆತ್ತಿ ತೂತು ಮುಚ್ಚಿದರೆ ನೀರು ಪಕ್ಕದಲ್ಲೇ ಇನ್ನೊಂದು ಬಾಯಿ ತೆರೆಯುತ್ತದೆ. ಮೊದಲು ಉಸುಕು, ಅದರ ಮೇಲೆ ಹರಳು, ಕೊನೆಗೆ ಭಾರಕ್ಕೆ ಕಲ್ಲು: ನೀರು ಬರಲಿ, ಮಣ್ಣು ಬರಬಾರದು. ಯಾರು ಏನು ಹೊರಬೇಕು ಅನ್ನುವ ವಾದಕ್ಕೆ ಆಗ ಸಮಯ ಇರುವುದಿಲ್ಲ, ಹೇಳಿದ್ದನ್ನು ಕೂಡಲೇ ಮಾಡಿ ರೂಢಿಯಿರುವ ಆಳುಗಳೇ ಬೇಕು.

ಬೇಸಿಗೆಗೆ ದನಗಾವಲು, ಬಂಡಿಗಾವಲು. ಹಾವೇರಿ, ಹಾನಗಲ್ಲ ಕಡೆಯ ವೀರಗಲ್ಲುಗಳನ್ನು ಓದಿದರೆ ತುರುಗೋಳಿನಲ್ಲಿ (ದನ ಲೂಟಿಯ ಕಾದಾಟದಲ್ಲಿ) ಸತ್ತವರು ಎಷ್ಟೊಂದು! ದನ ಕಾಯುವುದು ಯೋಧರಿಗೆ ಕೀಳು ಕೆಲಸವಾಗಿರಲಿಲ್ಲ. ಇಲ್ಲಿ ಕೆಡುವುದು ಕೂಲಿಯ ಲೆಕ್ಕ. ಬಂಡಿಗಿಷ್ಟು ಅಂತ ಕೊಟ್ಟರೆ ಕಾವಲಿನವರೇ ಕಳ್ಳತನ ಮಾಡಿಸಿ ತಮ್ಮ ಬೇಡಿಕೆ ಹೆಚ್ಚಿಸಿಕೊಳ್ಳುತ್ತಾರೆ. ಹೋದ ಮಾಲನ್ನು ಕಾವಲಿನವರೇ ತುಂಬಿಕೊಡಬೇಕು, ಇಲ್ಲವೇ ಕಳ್ಳನ ಹೆಜ್ಜೆ ಹಿಡಿದು ಪಕ್ಕದ ಊರಿನ ಸೀಮೆಗೆ ಮುಟ್ಟಿಸಬೇಕು. ಅಲ್ಲಿಂದ ಮುಂದೆ ಆ ಊರಿನ ಜವಾಬ್ದಾರಿ. ಹೆಜ್ಜೆಯನ್ನು ಸುಳ್ಳಾಗಿ ಪಕ್ಕದ ಸೀಮೆಗೆ ದಾಟಿಸಿದರೆ ನಿಮ್ಮ ಕಥೆಗೆ ಒಂದು ಜಗಳ ಪುಕ್ಕಟೆ ಸಿಕ್ಕಂತೆ.

ಶಾಂತಿ ಉದ್ದವಾದಷ್ಟೂ ಹಿಸ್ಸೆ ಸಣ್ಣದಾಗುತ್ತದೆ. ಮನೆಗಿಬ್ಬರು ಗಂಡುಮಕ್ಕಳು ಉಳಿದರೆ ಮೊಮ್ಮಕ್ಕಳ ಕಾಲಕ್ಕೆ 18 ಎಕರೆಯ ಪಾಲು ನಾಲ್ಕೂವರೆ ಎಕರೆಗೆ ಇಳಿಯುತ್ತದೆ. ಹಿರಿಯನಿಗೆ ಹೊಲ, ಕಿರಿಯನಿಗೆ ಕಾಡಂಚಿನ ಹೊಸ ಹಳ್ಳಿ ಅನ್ನುವ ಕಟ್ಟಳೆ ಮೊದಲೇ ಬರೆದಿಡಿ.

ಆಯುಧ ಅವರ ಮನೆಯಲ್ಲೇ ಇರಲಿ. ಕಿತ್ತುಕೊಳ್ಳುವ ಅರಸನನ್ನು ಇಟ್ಟರೆ ದಂಗೆಯನ್ನೂ ಇಡಬೇಕು. ಕಿತ್ತೂರು ಬಿದ್ದ ಮೇಲೆ ಶೇತ್ಸನದಿಗಳ ಹೊಲಕ್ಕೆ ಕೈ ಹಾಕಿದ್ದರ ಬಿಸಿ ಸಂಗೊಳ್ಳಿ ರಾಯಣ್ಣನ ಬಂಡಾಯದಲ್ಲಿತ್ತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಿಲ್ಲ. ಜಪಾನಿನಲ್ಲಿ 1876ರಲ್ಲಿ ಸಮುರಾಯಿಗಳ ಕತ್ತಿಗೆ ನಿಷೇಧ ಬಂತು, ವರ್ಷಾಶನದ ಬದಲು ಸರ್ಕಾರಿ ಸಾಲಪತ್ರ (ಬಾಂಡ್) ಕೈಗೆ ಬಂತು, ಮರುವರ್ಷವೇ ಅವರ ಸತ್ಸುಮಾ ದಂಗೆ.

ಬದಲಿಗೆ ದಸರೆಗೊಮ್ಮೆ ಹಾಜರಿ ತಗೊಳ್ಳಿ: ಆಳು, ಆಯುಧ, ಕುದುರೆ, ಮೂರನ್ನೂ ಎಣಿಸಿ. ಕುದುರೆಗೆ ಗುರುತಿನ ಬರೆ ಹಾಕಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಒಂದೇ ಕುದುರೆ ಮೂರು ಊರಿನ ಲೆಕ್ಕದಲ್ಲಿ ನಿಂತಿರುತ್ತದೆ.