ನಿವೃತ್ತಿಯ ನಂತರ ಮತ್ತೆ ಜಲವರ್ಣಕ್ಕೆ ಮರಳುವ ಕೊಡಗಿನವರಿಗೆ

ಕಾಲೇಜಿನ ದಿನಗಳಲ್ಲಿ ಜಲವರ್ಣ ಚಿತ್ರಗಳನ್ನು ಬರೆಯುತ್ತಿದ್ದು, ನೌಕರಿ, ಸಂಸಾರ, ತೋಟಗಳ ನಡುವೆ ಬಿಟ್ಟುಬಿಟ್ಟವರು ಮತ್ತೆ ಕುಂಚ ಹಿಡಿಯುವ ಮುನ್ನ ಮನೆಯಲ್ಲಿರುವ ಹಳೆಯ ಕಾಗದವನ್ನು ಪರೀಕ್ಷಿಸಿಕೊಳ್ಳಬೇಕು. ಕೊಡಗಿನ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಬೀರುವಿನಲ್ಲಿದ್ದ ಹಾಳೆಗೆ, ಬಣ್ಣವನ್ನು ಬೇಗನೆ ಹೀರದಂತೆ ತಯಾರಿಕೆಯಲ್ಲೇ ಸೇರಿಸಿರುವ ಅಂಟು ಹಾಳಾಗಿದ್ದರೆ, ತೆಳುವಾಗಿ ಬಳಿದ ಬಣ್ಣವನ್ನು ಕಾಗದವು ಅಲ್ಲಲ್ಲಿ ಹೀರಿಕೊಂಡು ಗಾಢವಾದ ಚುಕ್ಕೆಗಳು ಮೂಡುತ್ತವೆ. ಇದನ್ನರಿಯದೆ ಎಷ್ಟೋ ಮಂದಿ ತಮ್ಮ ಕೈಗೇ ಜಡ ಹಿಡಿಯಿತೆಂದು ಕೊರಗುತ್ತಾರೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಪೂರ್ತಿ ಹತ್ತಿಯಿಂದ ಮಾಡಿದ ಹಾಳೆಯನ್ನು ಕೊಂಡು, ದುಬಾರಿಯೆನಿಸಿದರೆ ನಾಲ್ಕಾಗಿ ಕತ್ತರಿಸಿ ಬಳಸಿರಿ. ಉಳಿದುದನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿರಿ. ಗಟ್ಟಿಯಾದ ಬಣ್ಣದ ಟ್ಯೂಬನ್ನು ಎಸೆಯಬೇಕಾಗಿಲ್ಲ. ಬೂಷ್ಟು ಹಿಡಿದಿರದಿದ್ದರೆ ಅದನ್ನು ಸೀಳಿ, ಒಳಗಿನ ಗಟ್ಟಿಯನ್ನು ಒದ್ದೆ ಕುಂಚದಿಂದ ಉಜ್ಜಿ ಬಳಸಬಹುದು.

ಅಭ್ಯಾಸಕ್ಕೆ ಮಡಿಕೇರಿಯ ರಾಜಾಸೀಟಿನಿಂದ ಕಾಣುವಂತಹ ಮಂಜು ಕವಿದ ಬೆಟ್ಟಸಾಲುಗಳೇ ಸಾಕು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಮಳೆಗಾಲದ ಆಕಾಶಕ್ಕೆ ಒಪ್ಪುವ ಬೂದು ಬಣ್ಣ ಸಿಗುತ್ತದೆ. ಅತಿ ದೂರದ ಸಾಲನ್ನು ನೀರೇ ಹೆಚ್ಚಿರುವ ಬಣ್ಣದಿಂದ ಒಣ ಹಾಳೆಯ ಮೇಲೆ ಬರೆದು, ಮೇಲಂಚನ್ನು ಹಾಗೆಯೇ ಬಿಟ್ಟು, ಬಣ್ಣ ಆರುವ ಮೊದಲೇ ಕೆಳಗಂಚಿಗೆ ಶುದ್ಧ ನೀರಿನ ಕುಂಚವನ್ನು ತಾಗಿಸಿದರೆ ಬೆಟ್ಟದ ಬುಡವು ಮಂಜಿನಲ್ಲಿ ಕರಗುತ್ತದೆ. ಮುಂದಿನ ಸಾಲನ್ನು ತುಸು ಗಾಢವಾಗಿ ಬರೆಯಬೇಕು, ಆದರೆ ಮೊದಲನೆಯದು ಪೂರ್ತಿ ಆರಿದ ಮೇಲೆಯೇ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ನೀರಿನ ಹೊಳಪು ಕಾಣದಿದ್ದರೂ, ಕೈಯ ಹಿಂಬದಿಗೆ ತಣ್ಣಗೆ ತಾಗಿದರೆ ಒಳಗೆ ತೇವವಿದೆಯೆಂದೇ ಅರ್ಥ. ಆಗ ನೀರು ಬಿದ್ದರೆ ಹೂಕೋಸಿನಂತಹ ಕಲೆ ಏಳುತ್ತದೆ. ಜುಲೈ ತಿಂಗಳಿನಲ್ಲಿ ಈ ಕಾಯುವಿಕೆ ಬಹಳ ಉದ್ದವಾಗುವುದರಿಂದ, ಹೊಳಪು ಹೋದ ನಂತರ ಕೂದಲೊಣಗಿಸುವ ಡ್ರೈಯರನ್ನು ಒಂದು ಅಡಿ ದೂರದಿಂದ ಹಿಡಿಯಬಹುದು. ಅದಕ್ಕಿಂತ ಮೊದಲು ಹಿಡಿದರೆ ಗಾಳಿಯು ಬಣ್ಣವನ್ನೇ ತಳ್ಳುತ್ತದೆ.

ಕೈ ನಡುಗುವವರು 12ನೇ ಸಂಖ್ಯೆಯ ದುಂಡು ಕುಂಚದ ಹಿಡಿಯನ್ನು ಹಿಂತುದಿಯ ಬಳಿ ಹಿಡಿದು, ಬೆರಳುಗಳ ಬದಲು ಭುಜದಿಂದ ಕೈಯಾಡಿಸಲಿ. ಚಾಳೀಸನ್ನು ಕೊನೆಯಲ್ಲಿ ಬರೆಯುವ ಸಿಲ್ವರ್ ಓಕ್ ಮರಗಳಿಗೆಂದು ಮೀಸಲಿಟ್ಟು, ಬೆಟ್ಟಗಳನ್ನು ಬರಿಗಣ್ಣಿನಿಂದಲೇ ಬರೆಯುವುದು ನನ್ನ ಅನುಭವದಲ್ಲಿ ಹೆಚ್ಚು ಒಳ್ಳೆಯದು, ಏಕೆಂದರೆ ಆಗ ಎಲೆಎಲೆಯನ್ನೂ ತೋರಿಸುವ ಆಸೆ ತಾನಾಗಿಯೇ ತಗ್ಗುತ್ತದೆ.

ಚೌಕಟ್ಟು ಹಾಕಿಸುವಾಗ ಚಿತ್ರವು ಗಾಜಿಗೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚನ್ನು ಕೊಡಿಸಿ, ಮಳೆ ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿರಿ.