ಆಳಂದ ರೋಡಿನ ಶೆಡ್ಡಿನಲ್ಲಿ ಪಿಕಪ್ ಕ್ಯಾಬಿನ್ ಬದಲಿಸಿದ್ದು

ಬೊಲೆರೊ ಪಿಕಪ್‌ನ ಕ್ಯಾಬಿನ್ ಪೂರಾ ಇಳಿಸಿ ಬೇರೆಯದು ಕೂಡಿಸುವುದು ನಮ್ಮಂಥ ತಗಡಿನ ಶೆಡ್ಡಿನಲ್ಲಿ ಆಗುವ ಕೆಲಸ ಅಲ್ಲ ಅಂತ ಕಲಬುರಗಿಯ ನಾಲ್ಕೈದು ಡೆಂಟರ್‌ಗಳು ನನ್ನ ಮುಖಕ್ಕೇ ಹೇಳಿದ್ದರು. ನಾನು ಹಾಗೆ ಕ್ಯಾಬಿನ್ ಬದಲಿಸಿದ ಗಾಡಿ ಆಮೇಲೆ 31 ಸಾವಿರ ಕಿಲೋಮೀಟರ್ ಓಡಿದೆ. ಗಂಜ್ ಮಾರುಕಟ್ಟೆಯಿಂದ ತೊಗರಿ ಬೇಳೆ ಹೊತ್ತು ವಾರಕ್ಕೆರಡು ಸಲ ಸೊಲ್ಲಾಪುರಕ್ಕೆ ಹೋಗಿಬರುತ್ತದೆ, ನಡುವೆ ಎಫ್‌ಸಿಯೂ (ಆರ್‌ಟಿಒದ ಫಿಟ್‌ನೆಸ್ ಸರ್ಟಿಫಿಕೇಟ್) ಪಾಸಾಯಿತು. ಅದಕ್ಕೇ ಬರೆಯಲು ಕೂತೆ. ಪಾನಾ (ಸ್ಪ್ಯಾನರ್) ಹಿಡಿದು ಗೊತ್ತಿದ್ದವರಿಗೆ ಬರೆದದ್ದು ಇದು, ಬೋಲ್ಟ್ ಬಿಚ್ಚುವುದನ್ನೆಲ್ಲ ಹೇಳುತ್ತ ಕೂಡುವುದಿಲ್ಲ.

ಗಾಡಿ ನನ್ನದೇ, ಬಿಎಸ್-4, ಬಿಳಿ ಬಣ್ಣ. ಡಿಸೆಂಬರಿನ ಒಂದು ರಾತ್ರಿ ಜೇವರ್ಗಿ ಕಡೆಯಿಂದ ಬರುವಾಗ, ಹಿಂದೆ ರಿಫ್ಲೆಕ್ಟರ್ ಪಟ್ಟಿಯೂ ಇಲ್ಲದ ಕಬ್ಬಿನ ಟ್ರೇಲರ್‌ಗೆ ಎಡಮೂಲೆ ಬಡಿಯಿತು. ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ಭುಜದ ಎಲುಬು ಮುರಿಯಿತು, ಜೀವ ಉಳಿಯಿತು. ಮೂರು ದಿನ ಗಾಡಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಶೆಡ್ಡಿಗೆ ಎಳೆದುತಂದು ನೋಡಿದರೆ ಎಡಗಡೆ ಪಿಲ್ಲರ್ ಮಡಚಿಕೊಂಡಿತ್ತು, ಟಾಪ್ ಕುಸಿದಿತ್ತು, ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಒಳಗೆ ನುಗ್ಗಿ ಡ್ಯಾಶ್‌ಬೋರ್ಡ್ ಸೀಟಿಗೆ ಬಂದು ತಾಗಿತ್ತು. ರೇಡಿಯೇಟರ್, ಫ್ಯಾನ್ ಹೋಗಿದ್ದವು. ಎಂಜಿನ್ ಮಾತ್ರ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಹತ್ತು ಸೆಕೆಂಡ್ ಕೇಳಿ ಆಫ್ ಮಾಡಿದೆ. ಆ ಸದ್ದು ಕೇಳಿದ ಮೇಲೆ ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಲು ಮನಸ್ಸು ಬರಲಿಲ್ಲ.

ಫುಲ್ ಇನ್ಶೂರೆನ್ಸ್ ಇದ್ದಿದ್ದರೆ, ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) 75 ಪರ್ಸೆಂಟ್ ದಾಟಿತು ಅಂತ ಟೋಟಲ್ ಲಾಸ್ ಬರೆಸಿ ರೊಕ್ಕ ತಗೊಳ್ಳಬಹುದಿತ್ತು. ನನ್ನದು ಬರೀ ಥರ್ಡ್ ಪಾರ್ಟಿ, ನನ್ನ ಗಾಡಿಯ ಡ್ಯಾಮೇಜಿಗೆ ಏನೂ ಬರುವುದಿಲ್ಲ. ದೊಡ್ಡ ವರ್ಕ್‌ಶಾಪಿನವರು ಮೂರು ಲಕ್ಷದ ಮೇಲೆ ಎಸ್ಟಿಮೇಟ್ ಕೊಟ್ಟರು. ಭಂಗಾರಿನವನು ಇದ್ದ ಹಾಗೇ ಎತ್ತಿಕೊಂಡು ಹೋಗಲು 90 ಸಾವಿರ ಅಂದ. ಲೋನಿನ ಕಂತು ಇನ್ನೂ ಹನ್ನೊಂದು ಬಾಕಿ, ತಿಂಗಳಿಗೆ 13 ಸಾವಿರ. ನಾನು ಕೆಲಸ ಕಲಿತ ಉಸ್ತಾದರು ಬಂದು ಗಾಡಿ ಸುತ್ತ ಒಂದು ಸುತ್ತು ಹಾಕಿ, "ಕ್ಯಾಬಿನ್ ಏನೋ ಕೂಡಿಸ್ತಿ ಬೇಟಾ, ಬಾಗಿಲ ಕೂಡಂಗಿಲ್ಲ ನೋಡು" ಅಂದರು. ಅವರ ಮಾತು ಎಷ್ಟು ಖರೆ ಅನ್ನೋದು ಮುಂದೆ ತಿಳಿಯಿತು.

ಮೊದಲು ಮಾಡಿದ್ದು ಚಾಸಿಸ್ ಅಳತೆ. ಎಲ್ಲರೂ ಒಡೆದ ಕ್ಯಾಬಿನ್ ನೋಡಿ ಗಾಡಿಗೆ ಬೆಲೆ ಕಟ್ಟುತ್ತಾರೆ. ನಾನು ಗೌಂಡಿಯವರ ತೂಗುಗುಂಡು ತಂದು, ಚಾಸಿಸ್‌ನ ಎರಡೂ ಕಡೆ ಒಂದೇ ಜಾಗದ ತೂತುಗಳಿಂದ ಕೆಳಗೆ ಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಮೂಲೆಯಿಂದ ಮೂಲೆಗೆ ಟೇಪ್ ಹಿಡಿದೆ. ಹಿಂದಿನ ಭಾಗ, ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿಯ ತನಕ, ಎರಡು ಎಂಎಂ ಕೂಡ ಸರಿದಿರಲಿಲ್ಲ. ಎಡಗಡೆ ಮುಂದಿನ ತುದಿಯಷ್ಟೇ 14-15 ಎಂಎಂ ಒಳಗೆ ಬಾಗಿತ್ತು. ಅಷ್ಟೇ ಇದ್ದರೆ ಎಳೆಯಬಹುದು. ಶೆಡ್ಡಿನ ನೆಲದಲ್ಲಿ ನಾಲ್ಕು ಅಡಿ ಹೂತ ಗರ್ಡರ್ ತುಂಡು ಇದೆ, ಅದಕ್ಕೆ ಚೈನ್ ಕಟ್ಟಿ, 20 ಟನ್ ಜಾಕ್ ಒಡ್ಡಿ ತಣ್ಣಗೇ ಎಳೆದೆ. ಗ್ಯಾಸ್ ಹಚ್ಚಿ ಕೆಂಪು ಮಾಡಿದರೆ ಅರ್ಧ ದಿನದ ಕೆಲಸ, ಆದರೆ ಕಾಸಿದಲ್ಲಿ ಪಟ್ಟಿಯ ಕಸುವು ಹೋಗುತ್ತದೆ, ಲೋಡ್ ಬಿದ್ದಾಗ ಅಲ್ಲೇ ಸೀಳುತ್ತದೆ. ತಣ್ಣಗೆ ಎಳೆದರೆ ಸ್ವಲ್ಪ ಹಿಂದಕ್ಕೆ ಜಿಗಿಯುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಐದಾರು ಎಂಎಂ ಹೆಚ್ಚೇ ಎಳೆದು ರಾತ್ರಿಯೆಲ್ಲ ಬಿಗಿಯಲ್ಲೇ ಬಿಟ್ಟೆ. ನಾಲ್ಕು ದಿನ ಹಿಡಿಯಿತು. ಕೊನೆಗೆ ಉಳಿದ ಫರಕು ಎರಡು ಎಂಎಂ.

ಇನ್ನು ನನ್ನ ದೊಡ್ಡ ತಪ್ಪು. ಸೊಲ್ಲಾಪುರದಲ್ಲಿ ಕ್ಯಾಬಿನ್ ಒಂದಿದೆ ಅಂತ ಗೊತ್ತಾಗಿ, ಬರೀ ಫೋಟೊ ನೋಡಿ 26 ಸಾವಿರಕ್ಕೆ ಮುಗಿಸಿದೆ. ಬಾಡಿಗೆ ಆರು ಸಾವಿರ. ತಂದು ಇಳಿಸಿದ ಮೇಲೆ ನೋಡಿದರೆ ಹಳೇ ಮಾಡೆಲ್. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಫೈರ್‌ವಾಲ್‌ನಲ್ಲಿ ವೈರಿಂಗ್ ತೂರುವ ಜಾಗ, ಬ್ರೇಕ್ ಬೂಸ್ಟರ್ ಕೂಡುವ ಜಾಗ ಬೇರೆ. ಹೊಸ ತೂತು ಹೊಡೆಯಲು ಶುರುಮಾಡಿದ್ದೆ ಕೂಡ. ಒಂದು ತೂತಿನ ಆಚೆ ಪೆಡಲ್ ಬ್ರಾಕೆಟ್ ಅಡ್ಡ ಬಂತು, ನಿಲ್ಲಿಸಿದೆ. ಬ್ರೇಕಿನ ಭಾರ ಹೊರುವ ತಗಡನ್ನು ಜರಡಿ ಮಾಡಿ ಅಕ್ಕನ ಮಗನನ್ನು ಅದರಲ್ಲಿ ಕೂಡಿಸಲು ಧೈರ್ಯ ಬರಲಿಲ್ಲ. ಆ ಕ್ಯಾಬಿನ್ ಬಿಡಿಬಿಡಿಯಾಗಿ ಮಾರಿ ಒಂಬತ್ತು ಸಾವಿರ ಬಂತು. ಉಳಿದ 23 ಸಾವಿರ ಹೋಯಿತು.

ಎರಡನೇ ಸಲ ಹೈದರಾಬಾದಿನ ಆಟೋನಗರಕ್ಕೆ ನಾನೇ ಹೋದೆ. ಕಿಸೆಯಲ್ಲಿ ಅಯಸ್ಕಾಂತ, ಟೇಪ್, ನನ್ನ ಫೈರ್‌ವಾಲ್‌ನ ರಟ್ಟಿನ ಅಚ್ಚು. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿರುತ್ತದೆ, ಹಾಗಾಗಿ ಎರಡು ಕ್ಯಾಬಿನ್ ಅಲ್ಲೇ ಬಿಟ್ಟೆ. ಮೂರನೆಯದರ ಮ್ಯಾಟ್ ಎತ್ತಿ, ಪಿಲ್ಲರ್ ಬುಡದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ, ಗಟ್ಟಿ ಇತ್ತು. ಬಾಗಿಲು ಸಮೇತ 48 ಸಾವಿರ, ತರಲು ಒಂಬತ್ತೂವರೆ. ಅದು ಯಾವ ಗಾಡಿಯದು ಅನ್ನುವ ಚಾಸಿಸ್ ನಂಬರ್ ಬರೆಸಿದ ಬಿಲ್ಲು, ರದ್ದಾದ ಆರ್‌ಸಿಯ ಝೆರಾಕ್ಸ್ ಇಲ್ಲದೆ ರೊಕ್ಕ ಕೊಡಲಿಲ್ಲ. ಪಿಕಪ್‌ಗೆ ಚಾಸಿಸ್ ನಂಬರ್ ಚಾಸಿಸ್ ಮೇಲೇ ಪಂಚ್ ಆಗಿರುತ್ತದೆ, ಕ್ಯಾಬಿನ್ ಬದಲಿಸಿದರೆ ಅದು ಬದಲಾಗುವುದಿಲ್ಲ. ಬಣ್ಣವೂ ಅದೇ ಬಿಳಿ ಇಟ್ಟೆ. ಬೇರೆ ಬಣ್ಣ ಹಾಕಿದರೆ ಆರ್‌ಸಿಯಲ್ಲಿ ಬರೆಸಲು ಆರ್‌ಟಿಒಗೆ ಓಡಾಡಬೇಕು.

ಖಾಲಿ ಶೆಲ್ (ಒಳಗಿನ ಸಾಮಾನಿಲ್ಲದ ಕ್ಯಾಬಿನ್ ತಗಡು) ಏಳೆಂಟು ಹುಡುಗರು ಸೇರಿದರೆ ಎತ್ತಬಹುದು. ನಾವು ಹಾಗೇ ಎತ್ತಿದೆವು, ಬಾಗಿಲು ಬಿಚ್ಚಿ, ಹಗುರ ಮಾಡಿ. ಉಸ್ತಾದರ ಮಾತು ಅಲ್ಲೇ ಹೊಡೆಯಿತು. ಬಾಗಿಲಿಲ್ಲದ ಶೆಲ್ ಕೈಯಿಂದ ಕೈಗೆ ಹೋಗುವಾಗ ತಿರುಚಿಕೊಂಡಿತು. ಕೂಡಿಸಿ ಬಾಗಿಲು ಹಾಕಿದರೆ ಬಲಗಡೆ ಮೇಲೆ ಬೆರಳು ತೂರುವಷ್ಟು ಸಂದಿ, ಕೆಳಗೆ ಬಡಿಯುತ್ತದೆ. ಮತ್ತೆ ಇಳಿಸಿದೆ. ಈ ಸಲ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಆಂಗ್ಲ್ ಪಟ್ಟಿ ಟ್ಯಾಕ್ ವೆಲ್ಡ್ ಮಾಡಿ, ಎರಡು ಚೈನ್ ಬ್ಲಾಕ್ ಹಾಕಿ ಮೇಲಿನಿಂದ ಸಮ ಇಳಿಸಿದೆ. ವೆಲ್ಡಿಂಗ್ ಹಚ್ಚುವ ಮುಂಚೆ ಬ್ಯಾಟರಿ ವೈರ್ ತೆಗೆದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ) ಕನೆಕ್ಟರ್ ಬಿಚ್ಚಿಡಿ, ಅದು ಸುಟ್ಟರೆ ದೊಡ್ಡ ಖರ್ಚು. ಬೋಲ್ಟ್ ಬಿಗಿಯುವ ಸರದಿಯಲ್ಲೂ ಒಂದು ಉಪಾಯ ಇದೆ, ಅದರಿಂದಲೇ ಬಾಗಿಲ ಸಂದಿ ಎರಡೂ ಕಡೆ ಸಮ ಬಂತು. ಅದನ್ನು ಕಂಡುಕೊಳ್ಳಲು ಹನ್ನೆರಡು ದಿನ ಕಳೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ನೋಡಲು ಬಂದ ಉಸ್ತಾದರು ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದರು, ಐದನೇ ಸಲ ಒಂದೇ ಬೆರಳಿನಿಂದ ಹಾಕಿದರು. ಅವತ್ತು ನನಗೆ ಊಟ ಬೇಕಾಗಲಿಲ್ಲ.

ಕ್ಯಾಬಿನ್‌ಗೂ ಚಾಸಿಸ್‌ಗೂ ನಡುವೆ ಕೂಡುವ ಮೌಂಟಿಂಗ್ ರಬ್ಬರಿನದು ಬೇರೆ ಕಥೆ. ಸೇಡಂ ಕಡೆಯ ಸಿಮೆಂಟ್ ಫ್ಯಾಕ್ಟರಿಗಳ ಹಳೇ ಕನ್ವೇಯರ್ ಬೆಲ್ಟ್ ಭಂಗಾರಿನಲ್ಲಿ ಸಿಗುತ್ತದೆ, ಒಳಗೆ ಬಟ್ಟೆಯ ಪದರ ಇರುವ ಗಟ್ಟಿ ಮಾಲು. ಗುಂಡಗೆ ಕತ್ತರಿಸಿ ಹಾಕಿದೆ, ಖರ್ಚು ಇನ್ನೂರು ರೂಪಾಯಿ ಆಗಿರಬಹುದು. ಎರಡು ತಿಂಗಳು ಛಲೋ ಇತ್ತು. ಮೂರನೇ ತಿಂಗಳಿಗೆ ಅದು ಅಮುಕಿಕೊಂಡು ಬೋಲ್ಟ್ ಸಡಿಲಾಗಿ, ಕ್ಯಾಬಿನ್ ಕಟಕಟ ಅನ್ನತೊಡಗಿತು. ಕಂಪನಿ ರಬ್ಬರನ್ನೇ ತಂದು ಹಾಕಿದೆ. ಬೆಲ್ಟಿನ ತುಂಡು ಈಗ ಡಾಲಾದ (ಹಿಂದೆ ಮಾಲು ಹೇರುವ ತೊಟ್ಟಿ) ಕೆಳಗೆ ಹಾಕಿದ್ದೇನೆ, ಅಲ್ಲಿ ಚೆನ್ನಾಗಿ ನಿಂತಿದೆ.

ರಬ್ಬರ್ ಅಂದಾಗ ನೆನಪಾಯಿತು, ಕರೆಂಟ್ ಬ್ಯಾಟರಿಗೆ ತಿರುಗಿ ಹೋಗುವ ಅರ್ತ್ ದಾರಿ. ಎಲ್ಲ ಕೂಡಿಸಿ ಚಾವಿ ತಿರುಗಿಸಿದರೆ ಹೆಡ್‌ಲೈಟ್ ಹಚ್ಚಿದಾಗ ಮೀಟರ್ ಮುಳ್ಳು ಕುಣಿಯುತ್ತದೆ, ಇಂಡಿಕೇಟರ್ ಹಾಕಿದರೆ ವೈಪರ್ ಅಲುಗುತ್ತದೆ. ಎಲೆಕ್ಟ್ರಿಷಿಯನ್ ವೈರಿಂಗ್ ಪೂರಾ ಬದಲಿಸಲು ಆರು ಸಾವಿರ ಕೇಳಿದ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿಯಿತು: ಕ್ಯಾಬಿನ್ ಕೂತಿರುವುದು ರಬ್ಬರಿನ ಮೇಲೆ, ಚಾಸಿಸ್‌ಗೂ ಅದಕ್ಕೂ ಕರೆಂಟ್ ದಾರಿ ಇರುವುದು ಹೆಣೆದ ತಾಮ್ರದ ಪಟ್ಟಿಯೊಂದರಿಂದ. ಅದನ್ನು ಹಳೇ ಕ್ಯಾಬಿನ್ ಜೊತೆ ಎಸೆದಿದ್ದೆ. 120 ರೂಪಾಯಿಯ ಪಟ್ಟಿ, ಬಣ್ಣ ಕೆರೆದು ಬರೀ ಲೋಹಕ್ಕೆ ಬಿಗಿದೆ, ಎಲ್ಲ ಸುಮ್ಮನಾದವು.

ಪೇಂಟಿಗೆ ಬರುವ ಹೊತ್ತಿಗೆ ಮೇ ತಿಂಗಳು. 42 ಡಿಗ್ರಿ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಗನ್ ಹಿಡಿದರೆ ಬಣ್ಣ ತಗಡು ಮುಟ್ಟುವ ಮೊದಲೇ ಒಣಗಿ, ಟಾಪ್ ಮೇಲೆ ರವೆ ಉದುರಿಸಿದ ಹಾಗಾಯಿತು. ಎಲ್ಲ ಉಜ್ಜಿ ತೆಗೆದು, ನಿಧಾನ ಒಣಗುವ ಥಿನ್ನರ್ ಹಾಕಿ, ನೆಲಕ್ಕೆ ನೀರು ಚಿಮುಕಿಸಿ ನಸುಕಿನ ನಾಲ್ಕೂವರೆಗೆ ಶುರುಮಾಡಿ ಬಿಸಿಲೇರುವ ಮೊದಲು ಮುಗಿಸಿದೆ. ಟಾಪ್ ಒಳಗಡೆ ಲೈನಿಂಗ್ ಹಾಕುವ ಮುಂಚೆ ತೊಗರಿಯ ಖಾಲಿ ಗೋಣಿಚೀಲ ಎರಡು ಪದರ ಅಂಟಿಸಿ ನೋಡಿದೆ. ಮಧ್ಯಾಹ್ನ ಒಳಗೆ ಕೈಯಿಟ್ಟರೆ ಟಾಪ್ ಮೊದಲಿನಷ್ಟು ಸುಡುವುದಿಲ್ಲ, ಸದ್ದೂ ಕಡಿಮೆ. ಮಳೆಗಾಲದಲ್ಲಿ ಮಾತ್ರ ವಾಸನೆ ಬಂತು, ಹೋದ ವರ್ಷ ಕಿತ್ತು ಫೋಮ್ ಹಾಕಿದೆ.

ಖರ್ಚು ನೆನಪಿದ್ದಷ್ಟು: ಕ್ಯಾಬಿನ್ ಮತ್ತು ಬಾಡಿಗೆ 57-58 ಸಾವಿರ, ರೇಡಿಯೇಟರ್, ಬಾನೆಟ್, ಎಡ ಫೆಂಡರ್, ಲೈಟ್ ಎಲ್ಲ ಸೇರಿ 31, ಮುಂದಿನ ಗ್ಲಾಸ್ ನಾಲ್ಕೂವರೆ, ಬ್ರೇಕ್-ಕ್ಲಚ್ ಸಾಮಾನು ಐದೂವರೆ, ಪೇಂಟ್ ಮಾಲು 11, ಹುಡುಗರ ಪಗಾರ 18, ಚಿಲ್ಲರೆ ಎಂಟು. ಸೊಲ್ಲಾಪುರದ ನಷ್ಟ ಸೇರಿದರೆ ಒಂದು ಲಕ್ಷ 58 ಸಾವಿರದ ಆಸುಪಾಸು. ನನ್ನ ಕೂಲಿ ಹಿಡಿದಿಲ್ಲ. ಗಾಡಿ ನಿಂತ ಐದು ತಿಂಗಳ ಕಂತನ್ನು ಹೆಂಡತಿಯ ಬಂಗಾರ ಅಡವಿಟ್ಟು ಕಟ್ಟಿದ್ದೆ, ದೀಪಾವಳಿ ಹೊತ್ತಿಗೆ ಬಿಡಿಸಿಕೊಂಡೆ.

ಅಕ್ಕನ ಮಗ ಮೊದಲ ಟ್ರಿಪ್ಪಿಗೆ ಸ್ಟೇರಿಂಗ್ ಹಿಡಿಯಲು ಅಂಜಿದ. ಪಕ್ಕದಲ್ಲಿ ನಾನೇ ಕೂತು ಶಹಾಬಾದ್ ತನಕ ಹೋಗಿಬಂದೆವು. ಸೀದಾ ರೋಡಿನಲ್ಲಿ ಒಂದು ಕಡೆ ಕೈ ಬಿಡಿಸಿ ತೋರಿಸಿದೆ, ಗಾಡಿ ಯಾವ ಕಡೆಗೂ ಎಳೆಯಲಿಲ್ಲ. "ಮಾಮಾ, ಮೊದಲಿಗಿಂತ ಸೀದಾ ಹೊಂಟದಲ್ಲ" ಅಂದ.

ನನಗೆ ಆಗಲ್ಲ ಅಂದಿದ್ದ ಡೆಂಟರ್ ಒಬ್ಬರು ಹೋದ ವಾರ ಅಫಜಲಪುರದ ಒಂದು ಪಿಕಪ್ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದಾರೆ. ನಿನ್ನೆ ತೂಗುಗುಂಡು ಬಿಟ್ಟು ಅಳೆದೆ, ಬಲಗಡೆ ಒಂಬತ್ತು ಎಂಎಂ ಇದೆ. ಸೋಮವಾರ ಚೈನ್ ಕಟ್ಟುತ್ತೇವೆ.