ಸಿಲಿಂಡರ್ ಕಳಚಿಟ್ಟ ಮೇಲೆ ಮೀನು ಹತ್ತಿರ ಬಂತು

ಇಪ್ಪತ್ತು ಮೀಟರ್ ಆಳದಲ್ಲಿ ಮೀನಿನ ರಕ್ತ ಹಸಿರಾಗಿ ಕಾಣುತ್ತದೆ. ಬಿಸಿಲಿನ ಕೆಂಪನ್ನೆಲ್ಲ ನೀರು ಮೇಲಿನ ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುತ್ತದೆ. ಮೊದಲ ಸಲ ಕಂಡಾಗ ಪಾಚಿ ಕದಡಿತೇನೋ ಎಂದುಕೊಂಡೆ. ಆಗ ನನ್ನ ಬೆನ್ನ ಮೇಲೆ 12 ಲೀಟರ್ ಸಿಲಿಂಡರ್, ಬಾಯಲ್ಲಿ ಅದರ ಗಾಳಿ ಕೊಡುವ ರೆಗ್ಯುಲೇಟರ್, ಕೈಯಲ್ಲಿ 75 ಸೆಂಟಿಮೀಟರ್ ಉದ್ದದ ರಬ್ಬರ್ ಸ್ಪಿಯರ್‌ಗನ್. ಈಟಿಯ ತುದಿಯಲ್ಲಿ ಒದ್ದಾಡುತ್ತಿದ್ದ ಮೀನಿನ ಕಿವಿರಿನಿಂದ ಹಸಿರು ಹೊಗೆ ಏಳುತ್ತಿತ್ತು. ನಾನು ಗೆದ್ದವನಂತೆ ಗುಳ್ಳೆ ಬಿಡುತ್ತಾ ನೋಡುತ್ತಿದ್ದೆ.

ಸಾಮಾನ್ಯವಾಗಿ ಈಟಿ ಬೇಟೆಯವರು ಸ್ನಾರ್ಕೆಲ್ ಎಂಬ ಉಸಿರುಕೊಳವೆ ಕಚ್ಚಿಕೊಂಡು, ಉಸಿರು ಕಟ್ಟಿ ಮುಳುಗುವುದರಿಂದ ಶುರು ಮಾಡುತ್ತಾರೆ. ನನ್ನದು ತಲೆಕೆಳಗು. ಸ್ಕೂಬಾ, ಎಂದರೆ ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ ತರಬೇತಿ ಮೊದಲೇ ಆಗಿತ್ತು, ಸಿಲಿಂಡರ್ ಹೊತ್ತು ಬೇಟೆಯಾಡಲು ಕಾನೂನಿನ ಅಡ್ಡಿ ಇಲ್ಲದ ಕಡೆ ಇದ್ದೆ. ಲೆಕ್ಕವೂ ಸರಳವಾಗಿಯೇ ಕಂಡಿತ್ತು: ಉಸಿರು ಕಟ್ಟಿದವನು ಕೆಳಗಿರುವುದು ಒಂದು ನಿಮಿಷ, ಸಿಲಿಂಡರ್ ಹೊತ್ತವನು ಮುಕ್ಕಾಲು ಗಂಟೆ. ಮೀನು ಯಾರಿಗೆ ಹೆಚ್ಚು ಸಿಗುತ್ತದೆ ಎಂದು ಮಗುವೂ ಹೇಳೀತು. ಆ ಲೆಕ್ಕದಲ್ಲಿ ನಾನು ಮೀನನ್ನು ಸೇರಿಸಿರಲಿಲ್ಲ.

ನಿಶ್ಶಬ್ದ ಲೋಕ ಎಂದು ಸ್ಕೂಬಾದವರು ಹೇಳುವುದನ್ನು ಕೇಳಿದರೆ ಈಗ ನಗು ಬರುತ್ತದೆ. ಒಳಗೆಳೆದ ಪ್ರತಿ ಉಸಿರಿಗೂ ರೆಗ್ಯುಲೇಟರ್ ಸೀಟಿ ಹೊಡೆದಂತೆ ಸುಯ್ಯೆನ್ನುತ್ತದೆ, ಬಿಟ್ಟ ಪ್ರತಿ ಉಸಿರಿಗೂ ಗುಳ್ಳೆಗಳು ಕಿವಿಯ ಪಕ್ಕದಲ್ಲೇ ಗುಡುಗುತ್ತವೆ. ಬಯಲು ನೀರಿನ ಮೀನುಗಳು, ಅದರಲ್ಲೂ ಟ್ರೆವಲಿಯಂಥ ಚುರುಕು ಜಾತಿಯವು, ಓಡಿಹೋಗುತ್ತಿರಲಿಲ್ಲ. ಅದಕ್ಕಿಂತ ಅವಮಾನದ ಕೆಲಸ ಮಾಡುತ್ತಿದ್ದವು. ನನ್ನ ಈಟಿ ಮುಟ್ಟದಷ್ಟು ದೂರವನ್ನು ಅಳೆದಂತೆ ಕಾಯ್ದುಕೊಂಡು, ಅಲ್ಲೇ ಸುತ್ತುತ್ತಿದ್ದವು. ಮಾಸ್ಕಿನ ಗಾಜಿನ ಹಿಂದಿನಿಂದ ನೋಡಿದರೆ ನೀರಿನಲ್ಲಿರುವುದೆಲ್ಲ ಮೂರನೇ ಒಂದರಷ್ಟು ದೊಡ್ಡದಾಗಿ, ಕಾಲು ಭಾಗ ಹತ್ತಿರವಾಗಿ ಕಾಣುತ್ತದೆ. ಮೂರು ಮೀಟರ್ ಎಂದು ನಾನು ಬಿಟ್ಟ ಈಟಿ ನಾಲ್ಕು ಮೀಟರ್ ಹೋಗಬೇಕಿತ್ತು. ದಾರದ ತುದಿಗೆ ಹೋಗಿ, ಬೆಪ್ಪಾಗಿ ತಲೆ ಬಾಗಿಸುತ್ತಿತ್ತು.

ಹೀಗಾಗಿ ಗುರಿ ಹಿಡಿಯುವಾಗ ಗುಳ್ಳೆ ನಿಲ್ಲಿಸಲು ಉಸಿರು ಬಿಗಿಹಿಡಿಯುವ ಚಟ ಹತ್ತಿತು. ಸ್ಕೂಬಾದಲ್ಲಿ ಮೊದಲ ದಿನವೇ ಕಲಿಸುವ ಪಾಠ, ಉಸಿರು ಹಿಡಿಯಬೇಡ ಎಂಬುದು. ಒತ್ತಡದಲ್ಲಿ ತುಂಬಿಕೊಂಡ ಗಾಳಿ ಮೇಲೇರಿದಂತೆ ಹಿಗ್ಗುತ್ತದೆ. ಶ್ವಾಸಕೋಶ ತುಂಬ ಗಾಳಿ ಹಿಡಿದುಕೊಂಡು ಒಂದೆರಡು ಮೀಟರ್ ಮೇಲೆ ಹೋದರೂ ಅದು ಹರಿಯಬಹುದು. ಮೀನಿನ ಹಿಂದೆ ಬಂಡೆ ಹತ್ತಿ ಇಳಿಯುವವನಿಗೆ ತಾನು ಒಂದೆರಡು ಮೀಟರ್ ಮೇಲೆ ಬಂದದ್ದು ತಿಳಿಯುವುದೇ ಇಲ್ಲ. ನನಗೆ ಏನೂ ಆಗಲಿಲ್ಲ. ಅದು ಜಾಣತನವಲ್ಲ, ಬರೀ ಅದೃಷ್ಟ.

ಬಯಲಿನವು ಕೈಗೆ ಸಿಗದಾಗ ನಾನು ಬಿಲಗಳ ಕಡೆ ತಿರುಗಿದೆ. ಗ್ರೂಪರ್ ಜಾತಿಯವು ಹೆದರಿದರೆ ಬಂಡೆಯ ಸಂದಿಗೆ ಹೊಕ್ಕು ಕೂರುತ್ತವೆ. ಉಸಿರು ಕಟ್ಟಿ ಬಂದವನಾದರೆ ಒಂದು ಸಲ ಇಣುಕಿ ಮೇಲೆ ಹೋಗಬೇಕು. ನನಗೆ ಅವಸರವಿರಲಿಲ್ಲ, ಟಾರ್ಚ್ ಬಿಟ್ಟು ಹುಡುಕುತ್ತಾ ಕೂರಬಹುದಿತ್ತು. ಒಂದು ದಿನ ಹೀಗೆ 20 ಮೀಟರ್ ಆಳದಲ್ಲಿ ದೊಡ್ಡದೊಂದಕ್ಕೆ ಈಟಿ ನಾಟಿಸಿದೆ. ಅದು ಒಳಕ್ಕೆ ಸರಿದು, ಕಿವಿರಿನ ಮುಚ್ಚಳ ಅಗಲಿಸಿ, ಬಾಗಿಲಿಗೆ ಅಗುಳಿ ಹಾಕಿದಂತೆ ಸಂದಿಯಲ್ಲಿ ಸಿಕ್ಕಿಸಿಕೊಂಡಿತು. ಆಗ ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ಮಾಪಕದಲ್ಲಿ 90 ಬಾರ್ ಇತ್ತು. ಕಾಲನ್ನು ಬಂಡೆಗೆ ಒತ್ತಿ ಎಳೆದೆ, ತಿರುಚಿದೆ, ಬಿಟ್ಟೆ, ಮತ್ತೆ ಎಳೆದೆ. ಐದು ನಿಮಿಷ ಆಗಿರಬಹುದು. ಮತ್ತೆ ಮಾಪಕ ನೋಡಿದಾಗ ಮುಳ್ಳು 40ರಲ್ಲಿತ್ತು.

ಅದರ ಗಣಿತ ಆಮೇಲೆ ದಡದಲ್ಲಿ ಕುಳಿತಾಗ ಹೊಳೆಯಿತು. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಮೂರು ಪಟ್ಟು, ಆದ್ದರಿಂದ ಪ್ರತಿ ಉಸಿರಿಗೆ ಮೂರು ಪಟ್ಟು ಗಾಳಿ ಬೇಕು. ನಿಧಾನವಾಗಿ ಈಜುವಾಗ ನಿಮಿಷಕ್ಕೆ 20 ಲೀಟರ್ ಉಸಿರಾಡುವವನು ಕುಸ್ತಿಗೆ ಬಿದ್ದರೆ 40 ಲೀಟರ್ ಎಳೆಯುತ್ತಾನೆ. ಅದರ ಮೂರರಷ್ಟು ಎಂದರೆ 120 ಲೀಟರ್. 12 ಲೀಟರ್ ಸಿಲಿಂಡರಿನಲ್ಲಿ ಅದು ನಿಮಿಷಕ್ಕೆ 10 ಬಾರ್. ಅಂದು ಸ್ಕೂಬಾದ ನಿಯಮದಂತೆ ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರದೆ, 5 ಮೀಟರ್‌ನಲ್ಲಿ ಮೂರು ನಿಮಿಷ ನಿಂತು, ಮೇಲೆ ಬಂದಾಗ ಮುಳ್ಳು 15ರ ಹತ್ತಿರವಿತ್ತು. ಮೀನು ಬಿಲದಲ್ಲೇ ಉಳಿಯಿತು, ನನ್ನ ಈಟಿಯ ಸಮೇತ. ಈಟಿ ಹೋದದ್ದಕ್ಕಲ್ಲ, ಆ ಮೀನು ಆ ಸಂದಿಯಲ್ಲಿ ಎಷ್ಟು ಹೊತ್ತು ಬದುಕಿತ್ತೋ ಎಂಬುದಕ್ಕೆ ಅಂದು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಅದಾದ ಮೇಲೆ ನನಗಿಂತ ಹತ್ತು ವರ್ಷ ಹಿರಿಯರಾದ, ಸಿಲಿಂಡರನ್ನು ಎಂದೂ ಬೇಟೆಗೆ ತಾರದ ಒಬ್ಬರ ಜೊತೆ ಹೋಗತೊಡಗಿದೆ. ಮೊದಲ ದಿನ ಸ್ಕೂಬಾದ 8 ಕಿಲೋ ಸೀಸದ ಬೆಲ್ಟನ್ನೇ ಸೊಂಟಕ್ಕೆ ಬಿಗಿದುಕೊಂಡಿದ್ದೆ. ಅವರು ಏನೂ ಹೇಳದೆ ಅದರಿಂದ ಅರ್ಧ ಬಿಚ್ಚಿಟ್ಟರು. ಸ್ಕೂಬಾದಲ್ಲಿ ತೂಕ ಹೆಚ್ಚಾದರೆ ಜಾಕೆಟ್ಟಿಗೆ ಗಾಳಿ ತುಂಬಿದರಾಯಿತು. ಉಸಿರು ಕಟ್ಟಿದವನಿಗೆ ಆ ಜಾಕೆಟ್ ಇಲ್ಲ. 10 ಮೀಟರ್ ತಲುಪುವಷ್ಟರಲ್ಲಿ ಶ್ವಾಸಕೋಶ ಅರ್ಧಕ್ಕೆ ಕುಗ್ಗುತ್ತದೆ, ಮೈಗಂಟಿದ ರಬ್ಬರ್ ಉಡುಪು, ವೆಟ್‌ಸೂಟ್ ಕೂಡ ತೆಳ್ಳಗಾಗುತ್ತದೆ, ಮೈ ಕಲ್ಲಾಗುತ್ತದೆ. ಸುಮಾರು 10 ಮೀಟರ್‌ನಲ್ಲಿ ತೇಲದೆ ಮುಳುಗದೆ ನಿಲ್ಲುವಷ್ಟು ತೂಕ ಇಟ್ಟುಕೊಂಡರೆ, ಎಚ್ಚರ ತಪ್ಪಿದರೂ ಕೊನೆಯ ಮೀಟರ್‌ಗಳಲ್ಲಿ ದೇಹ ತಾನಾಗಿ ಮೇಲಕ್ಕೆ ಬರುತ್ತದೆ. ಬೆಲ್ಟ್ ಒಂದೇ ಕೈಯಲ್ಲಿ ಕಳಚುವಂತಿರಬೇಕು. ಇದನ್ನು ಅವರು ನನ್ನಿಂದ ಇಪ್ಪತ್ತು ಸಲ ಮಾಡಿಸಿದರು, ಕಣ್ಣು ಮುಚ್ಚಿಸಿ.

ಕಿವಿಯ ಕಷ್ಟ ಬೇರೆ. ಸ್ಕೂಬಾದಲ್ಲಿ ಕಾಲು ಕೆಳಗಾಗಿ, ನಿಧಾನವಾಗಿ, ಮೂಗು ಹಿಡಿದು ಎದೆಯಿಂದ ಊದಿ, ಒತ್ತಡಕ್ಕೆ ಕಟ್ಟಿದ ಕಿವಿ ಬಿಡಿಸಿಕೊಂಡು ಇಳಿಯುತ್ತಿದ್ದೆ. ತಲೆ ಕೆಳಗಾದಾಗ ಆ ಊದು ಎಂಟೊಂಬತ್ತು ಮೀಟರ್‌ಗೇ ಕೈಕೊಟ್ಟಿತು. ಗಂಟಲು ಮುಚ್ಚಿ, ನಾಲಿಗೆಯ ಬುಡವನ್ನು ಪಿಸ್ಟನ್‌ನಂತೆ ಒತ್ತಿ ಗಾಳಿಯನ್ನು ಕಿವಿಗೆ ತಳ್ಳುವ ಫ್ರೆನ್ಜೆಲ್ ವಿಧಾನ ಕಲಿಯಲು ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ಕನ್ನಡಿ ಮುಂದೆ ಮೂಗು ಹಿಡಿದು ಕಪ್ಪೆಯಂತೆ ಗಂಟಲು ಕುಣಿಸುತ್ತಿದ್ದ ನನ್ನನ್ನು ನೋಡಿ ಮನೆಯವರು ಸುಮ್ಮನಿದ್ದದ್ದು ಅವರ ದೊಡ್ಡತನ.

ಇನ್ನೊಂದು ತಪ್ಪನ್ನು ನಾನಾಗಿಯೇ ಕಲಿತಿದ್ದೆ. ಮುಳುಗುವ ಮುಂಚೆ ಜೋರಾಗಿ ಹತ್ತಿಪ್ಪತ್ತು ಉಸಿರೆಳೆದರೆ ಕೆಳಗೆ ಹೆಚ್ಚು ಹೊತ್ತು ಹಾಯಾಗಿರಬಹುದು ಎಂದು ಕಂಡುಕೊಂಡು ಹಿಗ್ಗಿದ್ದೆ. ಆ ಹಿರಿಯರು ಅದನ್ನು ಕಂಡ ದಿನ ಬೇಟೆಯನ್ನೇ ನಿಲ್ಲಿಸಿದರು. "ಮನೆಗೆ ಬೆಂಕಿ ಬಿದ್ದಾಗ ಕೂಗುವ ಗಂಟೆಯ ನಾಲಿಗೆ ಕಿತ್ತು, ಮನೆ ಭದ್ರವಾಯಿತು ಎನ್ನುತ್ತೀಯಲ್ಲ" ಎಂದರು. ಆರೋಗ್ಯವಂತನ ರಕ್ತದಲ್ಲಿ ಆಮ್ಲಜನಕ ಮೊದಲೇ ನೂರಕ್ಕೆ 97-98ರಷ್ಟು ತುಂಬಿರುತ್ತದೆ, ಇನ್ನೆಷ್ಟು ಎಳೆದರೂ ಅದರ ಮೇಲೆ ಹಿಡಿಸದು. ಜೋರು ಉಸಿರಿನಿಂದ ಹೊರಹೋಗುವುದು ಇಂಗಾಲದ ಡೈಆಕ್ಸೈಡ್. ಉಸಿರಾಡು ಎಂದು ಮೆದುಳಿಗೆ ಒದೆಯುವುದು ಅದೇ. ಅದು ಕಡಿಮೆಯಾದರೆ ಒದೆ ಬೀಳುವ ಮುನ್ನವೇ ದೀಪ ಆರಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ನಿಜವಾದ ಬೇಟೆ ತೋರಿಸಿದರು. ಇಟಲಿಯವರು ಅದನ್ನು ಆಸ್ಪೆಟ್ಟೊ ಎನ್ನುತ್ತಾರೆ, ಎಂದರೆ ಕಾಯುವುದು. 12 ಮೀಟರ್ ಇಳಿದು, ಬಂಡೆಯ ಹಿಂದೆ ಹೊಟ್ಟೆ ಊರಿ ಮಲಗಬೇಕು. ಕಾಲಿಗೆ ತೊಟ್ಟ ಫಿನ್ಸ್ ಕದಲಬಾರದು. ಗನ್ ಮುಂದಕ್ಕೆ ಚಾಚಿರಬೇಕು. ಮೀನನ್ನು ನೆಟ್ಟ ನೋಟದಿಂದ ನೋಡಬಾರದು, ತಲೆ ತಗ್ಗಿಸಿ ಓರೆಗಣ್ಣಿನಲ್ಲಿ ನೋಡಬೇಕು. ಮೊದಲ ಹತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಸಮುದ್ರದ ಚಿಟಪಟ ಕೇಳಿಸತೊಡಗುತ್ತದೆ, ಬಂಡೆಯಲ್ಲಿರುವ ಸಿಗಡಿಗಳದ್ದು, ಒಗ್ಗರಣೆ ಸಿಡಿದಂತೆ. ಸ್ಕೂಬಾದಲ್ಲಿ ಗುಳ್ಳೆಗಳ ಗದ್ದಲದ ನಡುವೆ ನಾನು ಅದಕ್ಕೆ ಕಿವಿಗೊಟ್ಟಿರಲೇ ಇಲ್ಲ. ಸಣ್ಣ ಮೀನುಗಳು ವಾಪಸು ಬಂದು ಮಾಸ್ಕಿನ ಮುಂದೆಯೇ ಪಾಚಿ ಕೆರೆಯುತ್ತವೆ. ಅವು ನೆಮ್ಮದಿಯಾಗಿರುವುದನ್ನು ಕಂಡು ದೊಡ್ಡವು ಬರುತ್ತವೆ.

ನನ್ನ ಸುತ್ತ ನಾಲ್ಕು ಮೀಟರಿನ ಗೆರೆ ಎಳೆದಂತೆ ಸುತ್ತುತ್ತಿದ್ದ ಅದೇ ಜಾತಿಯ ಟ್ರೆವಲಿ ಅಂದು ನೇರವಾಗಿ ನನ್ನತ್ತ ಬಂತು. ಈಟಿಯ ತುದಿಗೆ ಒಂದು ತೋಳಿನಷ್ಟು ದೂರದಲ್ಲಿ ಪಕ್ಕಕ್ಕೆ ಹೊರಳಿ, ಒಂದು ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿತು. ಇದೇನು ವಸ್ತು ಎಂದು ವಿಚಾರಿಸಲು ಬಂದಂತಿತ್ತು. ನಾನು ಟ್ರಿಗರ್ ಎಳೆಯಲು ಮರೆತೆ. ಮೇಲೆ ಬಂದು ಹೇಳಿದಾಗ ಅವರು ನಕ್ಕು, "ಇವತ್ತು ನಿನಗೆ ಬೇಟೆ ಬಂತು" ಎಂದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚಂದ, ಆದರೆ ನಿಜವಾಗದು. ಸ್ಕೂಬಾದಲ್ಲಿ ಅಪಾಯ ಬರುವಾಗ ಮಾಪಕದ ಮುಳ್ಳಾದರೂ ಕಾಣುತ್ತದೆ. ಉಸಿರು ಕಟ್ಟಿದವನಿಗೆ ಮಾಪಕವೇ ಇಲ್ಲ. ಎರಡನೇ ವರ್ಷ, 17 ಮೀಟರ್‌ನಲ್ಲಿ, ಹಳೆಯ ಚಾಳಿಯಂತೆ ಮತ್ತೊಂದು ಗ್ರೂಪರ್ ಸಂದಿಗೆ ಹೊಕ್ಕಿತು. ಹೊರಡುವ ಹೊತ್ತಾಗಿದೆ ಎಂದು ಗೊತ್ತಿದ್ದೂ ಮೂರು ಸಲ ಎಳೆದೆ. ಕೆಳಗಿದ್ದಾಗ ಏನೂ ಅನ್ನಿಸಲಿಲ್ಲ. ಆಳದ ಒತ್ತಡದಲ್ಲಿ ಉಳಿದ ಚೂರುಪಾರು ಆಮ್ಲಜನಕವೂ ರಕ್ತಕ್ಕೆ ಸಲೀಸಾಗಿ ಇಳಿಯುತ್ತದೆ. ಏರುವಾಗ ಒತ್ತಡ ಇಳಿಯುತ್ತದೆ, ಕೊನೆಯ 10 ಮೀಟರ್‌ನಲ್ಲಿ ಅರ್ಧಕ್ಕೆ ಬರುತ್ತದೆ, ಹಾಗಾಗಿ ಎಚ್ಚರ ತಪ್ಪುವುದು ಹೆಚ್ಚಾಗಿ ಅಲ್ಲಿಯೇ, ಇಲ್ಲವೇ ತಲೆ ಹೊರಗೆ ಬಂದ ಮೇಲೆ.

ನಾನು ಮೇಲೆ ಬಂದದ್ದು ನೆನಪಿದೆ. ಆಮೇಲಿನ ಕೆಲವು ಸೆಕೆಂಡುಗಳು ಆ ಹಿರಿಯರು ಹೇಳಿದ್ದು. ತುಟಿ ನೀಲಿಯಾಗಿ, ತಲೆ ಗಡಗಡ ನಡುಗಿ, ಮುಖ ನೀರಿಗೆ ಬಾಗುತ್ತಿತ್ತಂತೆ. ಅವರು ಗದ್ದ ಎತ್ತಿ ಹಿಡಿದು, ಮಾಸ್ಕ್ ಕಿತ್ತು, "ಉಸಿರಾಡು, ಉಸಿರಾಡು" ಎಂದು ಕೂಗಿದರಂತೆ. ನನಗೆ ಮೊದಲು ಕೇಳಿಸಿದ್ದು ಅದೇ ಮಾತು, ಎಲ್ಲೋ ದೂರದ ಕೋಣೆಯಿಂದ ಬಂದ ಹಾಗೆ. ಒಬ್ಬನೇ ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅಂದಿನಿಂದ ಬಿಲಕ್ಕೆ ಹೊಕ್ಕ ಮೀನನ್ನು ಎಳೆಯುವುದಿಲ್ಲ. ಈಟಿಗೆ ಕಟ್ಟಿದ ಹಗ್ಗ ಮೇಲೆ ತೇಲುವ ಬೆಂಡಿಗೆ ಸೇರಿರುತ್ತದೆ. ಈಟಿ ಬಿಟ್ಟ ಕೂಡಲೇ ಗನ್ನನ್ನೂ ಬಿಟ್ಟು ಮೇಲೆ ಬರುತ್ತೇನೆ, ಉಸಿರಾಡಿ ಮತ್ತೆ ಇಳಿಯುತ್ತೇನೆ. ಕೆಳಗಿದ್ದ ಹೊತ್ತಿನ ಎರಡು ಪಟ್ಟಾದರೂ ಮೇಲೆ ವಿಶ್ರಾಂತಿ. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆ, ಅದೂ ಅವರು ಬಂದ ಮೇಲೆ ಅರ್ಧ ನಿಮಿಷ ಮುಖ ನೋಡುತ್ತಾ. ಇಬ್ಬರೂ ಒಟ್ಟಿಗೆ ಮುಳುಗಿದರೆ ಅದು ಜೊತೆಯಲ್ಲ, ಒಂದೇ ಕಡೆ ಇಬ್ಬರು ಒಂಟಿಗಳು.

ಇಟಲಿ, ಫ್ರಾನ್ಸ್, ಸ್ಪೇನ್‌ಗಳಲ್ಲಿ ಸಿಲಿಂಡರ್ ಹೊತ್ತು ಈಟಿ ಬೇಟೆ ನಿಷಿದ್ಧ. ಫ್ಲಾರಿಡಾದಲ್ಲಿ ಸ್ಕೂಬಾಕ್ಕೆ ಅಡ್ಡಿಯಿಲ್ಲ, ಆದರೆ ಗುಳ್ಳೆ ಬಿಡದ ಉಸಿರಾಟದ ಸಾಧನ ರೀಬ್ರೀದರ್‌ಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಅಮೆರಿಕನ್ ಸಮೋವಾ 2001ರಲ್ಲಿ ಸ್ಕೂಬಾ ಬೇಟೆಯನ್ನು ನಿಲ್ಲಿಸಿತು. ಕಾರಣ ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಗಿಳಿಮೀನುಗಳು ರಾತ್ರಿ ಹವಳದ ಸಂದಿಯಲ್ಲಿ ಮಲಗುತ್ತವೆ, ಕೆಲವು ಜಾತಿಗಳು ಲೋಳೆಯ ಗೂಡು ಕಟ್ಟಿಕೊಂಡು. ಟಾರ್ಚ್ ಮತ್ತು ಸಿಲಿಂಡರ್ ಇದ್ದವನು ಅವನ್ನು ತೋಟದ ಬದನೆಯಂತೆ ಕೊಯ್ದುಕೊಂಡು ಹೋಗಬಹುದು. ಗ್ರೂಪರ್‌ಗಳದ್ದು ಇನ್ನೂ ಸೂಕ್ಷ್ಮ: ಹಲವು ಜಾತಿಗಳಲ್ಲಿ ಮೀನು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತದೆ. ನಾನು ಹೆಮ್ಮೆಯಿಂದ ಎಳೆದು ತಂದ ದೊಡ್ಡವುಗಳಲ್ಲಿ ಎಷ್ಟು ಅಂಥ ಗಂಡುಗಳಿದ್ದವೋ. ಉಸಿರು ಕಟ್ಟಿದವನ ಕೈಗೆ ನಿಲುಕದ ಆಳ ಅವುಗಳ ಬಚ್ಚಿಡುವ ಕೋಣೆ. ಆ ಕೋಣೆಯ ಬೀಗದ ಕೈ ನನ್ನ ಬೆನ್ನ ಮೇಲಿತ್ತು. ಹಾಗೆಂದು ಉಸಿರು ಕಟ್ಟುವವರೆಲ್ಲ ಸಾಧುಗಳು ಎಂದು ನಾನು ಹೇಳಲಾರೆ. ಆಸ್ಪೆಟ್ಟೊ ಬಲ್ಲ ಒಬ್ಬ ಆಸೆಬುರುಕ ಒಂದು ಬಂಡೆಯನ್ನು ಒಂದೇ ಋತುವಿನಲ್ಲಿ ಬರಿದು ಮಾಡಬಲ್ಲ.

ಸ್ಕೂಬಾ ಬಿಟ್ಟಿಲ್ಲ. ಈಗ ಬರಿಗೈಯಲ್ಲಿ ನೋಡಲಷ್ಟೇ ಹೋಗುತ್ತೇನೆ. ಆದರೆ ಸ್ಕೂಬಾ ಮಾಡಿದ ದಿನ ಉಸಿರು ಕಟ್ಟಿ ಮುಳುಗುವುದಿಲ್ಲ. ಮೈಯಲ್ಲಿ ಸಾರಜನಕ ಇನ್ನೂ ಉಳಿದಿರುವಾಗ ಪದೇ ಪದೇ ಇಳಿದು, ಸರ್ರನೆ ಏರಿದರೆ ಗುಳ್ಳೆಗಳು ನರಗಳನ್ನೋ ಕೀಲುಗಳನ್ನೋ ಹಿಡಿಯಬಹುದು.

ಕಳೆದ ವಾರ 14 ಮೀಟರ್‌ನಲ್ಲಿ ಮಲಗಿದ್ದಾಗ ಬಂಡೆಯ ಅಂಚಿನಿಂದ ಒಂದು ಗ್ರೂಪರ್ ಮೂತಿ ತೂರಿಸಿತು. ಗುರಿ ಸರಿಯಾಗಿತ್ತು, ದೂರವೂ ಸರಿಯಾಗಿತ್ತು. ಅದರ ಬಾಲದ ಹಿಂದೆಯೇ ಕತ್ತಲ ಸಂದಿ ಇತ್ತು, ನನ್ನ ಸೆಕೆಂಡುಗಳ ಎಣಿಕೆ ನಲವತ್ತೈದಕ್ಕೆ ಬಂದಿತ್ತು. ಬೆರಳು ತೆಗೆದು ಮೇಲೆ ಬಂದೆ. ಉಸಿರು ಸಮನಾದ ಮೇಲೆ ಆ ಹಿರಿಯರು ಏನಿತ್ತು ಎಂದು ಕೇಳಿದರು, ಹೇಳಿದೆ. "ಎಷ್ಟು ದೊಡ್ಡದು?" ಎಂದರು. ಕೈ ಅಗಲಿಸಿ ತೋರಿಸಿದೆ. ನೀರಿನ ಲೆಕ್ಕ ಕಳೆದು ಹೇಳು ಎಂದರು. ಕೈಗಳನ್ನು ಕಾಲು ಭಾಗ ಹತ್ತಿರ ತಂದೆ. ಅವರು ತಲೆಯಾಡಿಸಿ, ಸ್ನಾರ್ಕೆಲ್ ಉಗುಳಿ ಮುಳುಗಿದರು. ನಾನು ಮುಖ ನೀರಿಗಿಟ್ಟು ಅವರ ಫಿನ್ಸ್ ಮರೆಯಾಗುವವರೆಗೂ ನೋಡಿ, ಒಂದರಿಂದ ಎಣಿಸತೊಡಗಿದೆ.